ಸುಮೊ ಇತಿಹಾಸದ ಅತಿ ಭಾರದ ಮಲ್ಲರು ಯಾರು? ಆ ತೂಕದಿಂದ ಅವರಿಗೆ ಆದ ಲಾಭವೇನು?

ಪ್ರಶ್ನೆ ಕೇಳಿದವರು: ಹಳೇ ಗರಡಿ

ಮಾನ್ಯರೇ,

ಕಳೆದ ವಾರ ನನ್ನ ಮೊಮ್ಮಗ ತನ್ನ ಮೊಬೈಲಿನಲ್ಲಿ ಹಳೆಯ ಸುಮೊ ಪಂದ್ಯವೊಂದರ ತುಣುಕನ್ನು ತೋರಿಸಿದ. ಒಂದು ಕಡೆ ಕೊನಿಶಿಕಿ ಎಂಬ ಗುಡ್ಡದಂಥ ಮನುಷ್ಯ. ಇನ್ನೊಂದು ಕಡೆ ಮೈನೊಉಮಿ ಎಂಬ, ನಮ್ಮ ಕಡೆಯ ಸಾಧಾರಣ ಪೈಲ್ವಾನನಷ್ಟೇ ಮೈಕಟ್ಟಿನ ಆಸಾಮಿ. ಇವರಿಬ್ಬರನ್ನು ಎದುರುಬದುರು ನಿಲ್ಲಿಸಿದ್ದೇ ನನಗೆ ಮೊದಲ ಆಶ್ಚರ್ಯ. ನಾನು ಚಿಕ್ಕಂದಿನಲ್ಲಿ ದಾವಣಗೆರೆಯ ಗರಡಿಯೊಂದರಲ್ಲಿ ಸಾಮು ಮಾಡಿದವನು. ನಮ್ಮಲ್ಲಿ ಜೋಡಿ ಕಟ್ಟುವಾಗ ತಕ್ಕಡಿ ಇಲ್ಲದಿದ್ದರೂ ಹಿರಿಯರು ಇಬ್ಬರ ಭುಜ, ತೊಡೆಗಳನ್ನು ಮುಟ್ಟಿ ನೋಡಿ, ಸಮ ಅನ್ನಿಸಿದ ಮೇಲೆಯೇ ಕೈ ಕೂಡಿಸುತ್ತಿದ್ದರು. ಸುಮೊದಲ್ಲಿ ಅಂಥ ಕಟ್ಟುಪಾಡೇ ಇಲ್ಲವೆಂದು ಮೊಮ್ಮಗ ಹೇಳುತ್ತಾನೆ. ಜೊತೆಗೆ, ಪ್ರಪಂಚದ ಅತಿ ಭಾರದ ಸುಮೊ ಮಲ್ಲ ಅಮೆರಿಕದ ಇಮ್ಯಾನುಯೆಲ್ ಯಾರ್ಬ್ರೊ ಎಂದೂ ವಾದಿಸುತ್ತಾನೆ.

ನನ್ನ ಪ್ರಶ್ನೆಗಳು ಎರಡು. ಜಪಾನಿನ ಸುಮೊ ಚರಿತ್ರೆಯಲ್ಲಿ ಅತಿ ದೊಡ್ಡ ದೇಹದ ಮಲ್ಲರು ನಿಜವಾಗಿ ಯಾರು? ತೂಕಕ್ಕೆ ಮಿತಿಯೇ ಇಲ್ಲದ ಆಟದಲ್ಲಿ ಅತಿ ಭಾರದವನೇ ಅತಿ ದೊಡ್ಡ ಗೆಲುವಿನವನೂ ಆಗಿರಬೇಕಲ್ಲವೇ? ಹಾಗೆ ಆಗಿಲ್ಲವೆಂದಾದರೆ ಏಕೆ ಆಗಲಿಲ್ಲ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಬಾಂಜುಕೆ ಓದುಗ

ಹಳೇ ಗರಡಿ ಅವರೇ, ತಮ್ಮ ಮೊಮ್ಮಗ ಅರ್ಧ ಸರಿ, ಅರ್ಧ ತಪ್ಪು. ವೃತ್ತಿಪರ ಸುಮೊದಲ್ಲಿ ತೂಕದ ವರ್ಗಗಳಿಲ್ಲ ಎಂಬುದು ನಿಜ. ಯಾರ್ಬ್ರೊ ವಿಷಯವನ್ನು ಬೇರೆ ಯಾರಾದರೂ ಬಿಡಿಸಿ ಹೇಳಿಯಾರು. ನಾನು ಜಪಾನ್ ಸುಮೊ ಸಂಘದ ಶ್ರೇಣಿಪಟ್ಟಿಯಲ್ಲಿ, ಅಂದರೆ ಬಾಂಜುಕೆಯಲ್ಲಿ, ಹೆಸರಿದ್ದವರಿಗಷ್ಟೇ ಸೀಮಿತನಾಗುತ್ತೇನೆ.

ಸಂಘ ತೂಗಿ ದಾಖಲಿಸಿದ ತೂಕಗಳಲ್ಲಿ ಮೊದಲ ಸ್ಥಾನ ಒರೊರಾ ಸತೋಶಿಯದು. ಬೈಕಲ್ ಸರೋವರದ ಪೂರ್ವಕ್ಕಿರುವ ರಷ್ಯಾದ ಬುರ್ಯಾತಿಯಾ ಪ್ರಾಂತ್ಯದಿಂದ ಬಂದ ಈತನ ಹುಟ್ಟುಹೆಸರು ಅನಾತೊಲಿ ಮಿಖಾಖನೊವ್. 2000ದ ಮಾರ್ಚ್‌ನಲ್ಲಿ ಕಣಕ್ಕಿಳಿದ ಈತ 2017ರಲ್ಲಿ 288 ಕಿಲೊ ತೂಗಿ ಕೊನಿಶಿಕಿಯ ಹಳೆಯ ದಾಖಲೆಯನ್ನು ಹಿಂದಿಕ್ಕಿದ; ಮರುವರ್ಷ 292.6 ಕಿಲೊ ಮುಟ್ಟಿ, 2018ರ ಸೆಪ್ಟೆಂಬರ್ ಪಂದ್ಯಾವಳಿಯ ಹೊತ್ತಿಗೆ ನಿವೃತ್ತನಾದ. ಆದರೆ ಈ ಹೆಸರನ್ನು ಜಪಾನಿನಲ್ಲಿಯೂ ಸುಮೊವನ್ನು ಗಾಢವಾಗಿ ಹಿಂಬಾಲಿಸುವವರಷ್ಟೇ ಬಲ್ಲರು. ಅದಕ್ಕೆ ಕಾರಣ ತಿಳಿಯಬೇಕಾದರೆ ಸುಮೊದ ಮೆಟ್ಟಿಲುಗಳನ್ನು ಸ್ವಲ್ಪ ಪರಿಚಯಿಸಬೇಕಾಗುತ್ತದೆ.

ಸುಮೊದಲ್ಲಿ ಆರು ವಿಭಾಗಗಳಿವೆ. ಮೇಲಿನದು ಮಾಕುಉಚಿ, ಅದರ ಕೆಳಗೆ ಜೂರ್ಯೊ. ಈ ಎರಡರಲ್ಲಿರುವ ಎಪ್ಪತ್ತು ಜನರಿಗೆ ಮಾತ್ರ ಸಂಬಳ, ರೇಷ್ಮೆಯ ಸೊಂಟದ ಕಟ್ಟು, ಸೇವೆಗೆ ಕಿರಿಯ ಶಿಷ್ಯರು, ದಿನಕ್ಕೊಂದರಂತೆ ಹದಿನೈದು ಪಂದ್ಯ. ಅವರ ಕೆಳಗಿನ ಮಾಕುಶಿತಾ, ಸಂದಾನ್‌ಮೆ, ಜೊನಿದಾನ್, ಜೊನೊಕುಚಿಗಳಲ್ಲಿರುವ ನೂರಾರು ಮಂದಿಗೆ ಊಟ, ವಸತಿ, ಸಣ್ಣ ಭತ್ಯೆ ಬಿಟ್ಟರೆ ಸಂಬಳವೆಂಬುದಿಲ್ಲ. ಪಂದ್ಯಾವಳಿಯೊಂದಕ್ಕೆ ಏಳೇ ಪಂದ್ಯ. ಉಳಿದ ಹೊತ್ತಿನಲ್ಲಿ ಗರಡಿಯ ಕಸ ಹೊಡೆಯುವುದು, ಅಡುಗೆ ಮಾಡುವುದು, ಹಿರಿಯರ ಬೆನ್ನು ತಿಕ್ಕುವುದು. ಒರೊರಾ ಹದಿನೆಂಟು ವರ್ಷ ಸೆಣಸಿದರೂ ಮಾಕುಶಿತಾ ವಿಭಾಗವನ್ನು ದಾಟಲಿಲ್ಲ. ಅಂದರೆ ಸುಮೊ ಇತಿಹಾಸದ ಅತಿ ಭಾರದ ಮನುಷ್ಯ ಒಂದು ತಿಂಗಳ ಸಂಬಳವನ್ನೂ ಪಡೆಯದೆ ಮನೆಗೆ ಹೋದ. ತಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿತೆಂದು ನನ್ನ ಅನಿಸಿಕೆ.

ಎರಡನೆಯವನು ಕೊನಿಶಿಕಿ. ಹವಾಯಿಯಲ್ಲಿ ಸಮೋವಾ ಮೂಲದ ಕುಟುಂಬದಲ್ಲಿ ಹುಟ್ಟಿದ ಈತ 1982ರಲ್ಲಿ ತಕಾಸಾಗೊ ಗರಡಿಯನ್ನು ಸೇರಿದ. ಅವನನ್ನು ಅಲ್ಲಿಗೆ ಕರೆತಂದದ್ದು ಅದೇ ಗರಡಿಯ ತಕಾಮಿಯಾಮಾ. ಆತನೂ ಹವಾಯಿಯವನೇ, 1972ರ ಜುಲೈಯಲ್ಲಿ ಮೇಲಿನ ವಿಭಾಗದ ಪ್ರಶಸ್ತಿ ಗೆದ್ದ ಮೊದಲ ವಿದೇಶಿ. ಕೊನಿಶಿಕಿಯ ತೂಕ ಏರುತ್ತ ಏರುತ್ತ 280 ಕಿಲೊವನ್ನೂ ಮೀರಿತು. ಒರೊರಾನಿಗೂ ಇವನಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಕೊನಿಶಿಕಿ ನಿಜಕ್ಕೂ ದೊಡ್ಡ ಮಲ್ಲ. 1984ರ ಸೆಪ್ಟೆಂಬರಿನಲ್ಲಿ, ಮೇಲಿನ ವಿಭಾಗದಲ್ಲಿ ತನ್ನ ಎರಡನೆಯ ಪಂದ್ಯಾವಳಿಯಲ್ಲಿಯೇ, ಯೊಕೊಜುನಾಗಳಾದ, ಅಂದರೆ ಸುಮೊದ ಅತ್ಯುನ್ನತ ಪದವಿಯಲ್ಲಿದ್ದ, ತಕಾನೊಸಾತೊ ಮತ್ತು ಚಿಯೊನೊಫುಜಿ ಇಬ್ಬರನ್ನೂ ಹೊರದೂಡಿ ಹನ್ನೆರಡು ಪಂದ್ಯ ಗೆದ್ದ. 1987ರಲ್ಲಿ ಯೊಕೊಜುನಾಗಿಂತ ಒಂದು ಮೆಟ್ಟಿಲು ಕೆಳಗಿನ ಒಜೆಕಿ ಪದವಿಗೇರಿದ ಮೊದಲ ವಿದೇಶಿಯಾದ. 1989ರ ನವೆಂಬರ್, 1991ರ ನವೆಂಬರ್ ಮತ್ತು 1992ರ ಮಾರ್ಚ್, ಹೀಗೆ ಮೂರು ಸಲ ಚಾಂಪಿಯನ್ ಆದ.

ಅವನು ಯೊಕೊಜುನಾ ಆಗದೆ ಉಳಿದದ್ದು ಇಂದಿಗೂ ಚರ್ಚೆಯ ವಿಷಯ. ಮೂರು ಪಂದ್ಯಾವಳಿಗಳಲ್ಲಿ ಕ್ರಮವಾಗಿ 13, 12 ಮತ್ತು 13 ಗೆಲುವು ಗಳಿಸಿದ್ದರೂ ಸಂಘವು ಸತತ ಎರಡು ಪ್ರಶಸ್ತಿ ಬೇಕೆಂದಿತು. ಪದವಿಗೆ ತಕ್ಕ ಘನತೆ ವಿದೇಶಿಗೆ ಬರುತ್ತದೆಯೇ ಎಂಬ ಮಾತುಗಳೂ ಬಹಿರಂಗವಾಗಿಯೇ ಕೇಳಿಬಂದವು. ನನ್ನ ಅಭಿಪ್ರಾಯದಲ್ಲಿ ಹಿಂದಿನ ಕೆಲವರಿಗೆ ತೋರಿಸಿದ ಸಡಿಲಿಕೆಯನ್ನು ಅವನಿಗೆ ತೋರಿಸಲಿಲ್ಲ. ಆದರೆ ಬರೆದಿಟ್ಟ ಮಾನದಂಡದ ಪ್ರಕಾರ ಸಂಘವನ್ನು ತಪ್ಪೆನ್ನುವುದೂ ಕಷ್ಟ. ಅಷ್ಟರಲ್ಲಿ ಹವಾಯಿಯವನೇ ಆದ ಅಕೆಬೊನೊ ಸತತ ಎರಡು ಪ್ರಶಸ್ತಿ ಗೆದ್ದು 1993ರ ಜನವರಿಯಲ್ಲಿ ಮೊದಲ ವಿದೇಶಿ ಯೊಕೊಜುನಾ ಆಗಿಬಿಟ್ಟ.

ಜಪಾನಿನಲ್ಲಿ ಹುಟ್ಟಿದವರ ಪೈಕಿ ಅತಿ ಭಾರದವನು ಯಾಮಾಮೊಟೊಯಾಮಾ, 265 ಕಿಲೊ. ಅವನ ಹೆಸರಿನ ಮೂರು ಚಿತ್ರಾಕ್ಷರಗಳನ್ನು ಹಿಂದಿನಿಂದ ಓದಿದರೂ ಅದೇ ಹೆಸರು, ನಮ್ಮ ವಿಕಟಕವಿಯಂತೆ. 2009ರಲ್ಲಿ ಮೇಲಿನ ವಿಭಾಗ ತಲುಪಿ ಅಲ್ಲಿ ಹೆಚ್ಚು ಕಾಲ ನಿಲ್ಲಲಾಗದೆ, 2011ರ ಪಂದ್ಯ ಹೊಂದಾಣಿಕೆಯ ಹಗರಣದಲ್ಲಿ ಸಂಘ ಹೊರಗೆ ಕಳಿಸಿದವರಲ್ಲಿ ಒಬ್ಬನಾದ.

ಯೊಕೊಜುನಾಗಳಿಗೆ ಬಂದರೆ ಅಕೆಬೊನೊ ಮತ್ತು ಮುಸಾಶಿಮಾರು ಇಬ್ಬರೂ 230 ಕಿಲೊ ದಾಟಿದವರು. ಮೊದಲನೆಯವನಿಗೆ 11 ಪ್ರಶಸ್ತಿ, ಎರಡನೆಯವನಿಗೆ 12. ಹೊಕ್ಕೈದೊದ ಒನೊಕುನಿ 200 ಕಿಲೊ ದಾಟಿದ ಜಪಾನೀ ಯೊಕೊಜುನಾ. ಇತ್ತೀಚಿನವರಲ್ಲಿ ಮಂಗೋಲಿಯದ ಇಚಿನೊಜೊನನ್ನು ಹೆಸರಿಸಬಹುದು. 200 ಕಿಲೊಗೂ ಬಹಳ ಮೇಲಿದ್ದ ಆತ 2022ರ ಜುಲೈಯಲ್ಲಿ ಪ್ರಶಸ್ತಿಯನ್ನೂ ಗೆದ್ದ.

ಉತ್ತರ 2: ಸಣ್ಣ ತಿದ್ದುಪಡಿ

ಯಾರ್ಬ್ರೊ ಬಗ್ಗೆ ಎರಡು ಮಾತು. ಅವರ ತೂಕ 300 ಕಿಲೊಗೂ ಹೆಚ್ಚು ಎಂಬುದು ಸರಿ. 1995ರ ವಿಶ್ವ ಹವ್ಯಾಸಿ ಸುಮೊ ಚಾಂಪಿಯನ್‌ಶಿಪ್‌ನಲ್ಲಿ ತೂಕದ ಮಿತಿಯಿಲ್ಲದ ಮುಕ್ತ ವಿಭಾಗವನ್ನು ಗೆದ್ದದ್ದೂ ಸರಿ. ಆದರೆ ಅವರು ಜಪಾನಿನ ವೃತ್ತಿಪರ ಸುಮೊ ಗರಡಿಯ ಹೊಸ್ತಿಲನ್ನು ತುಳಿದವರಲ್ಲ, ಬಾಂಜುಕೆಯಲ್ಲಿ ಅವರ ಹೆಸರು ಬಂದದ್ದಿಲ್ಲ. ಹವ್ಯಾಸಿ ಸುಮೊದಲ್ಲಿ ಕುಸ್ತಿಯಂತೆ ತೂಕದ ವರ್ಗಗಳಿವೆ. ಮುಕ್ತ ವಿಭಾಗ ಅದರಲ್ಲಿ ಒಂದು ಮಾತ್ರ. ಆದ್ದರಿಂದ ಅಜ್ಜ ಮೊಮ್ಮಗ ಇಬ್ಬರೂ ಬೇರೆ ಬೇರೆ ಆಟದ ಬಗ್ಗೆ ವಾದಿಸುತ್ತಿದ್ದಾರೆ ಎನ್ನಬೇಕು.

ಉತ್ತರ 3: ನಿವೃತ್ತ ಇತಿಹಾಸ ಮೇಷ್ಟ್ರು

ಮೇಲಿನವರು ತಕ್ಕಡಿಯ ಲೆಕ್ಕವನ್ನಷ್ಟೇ ಕೊಟ್ಟಿದ್ದಾರೆ. ಆದರೆ ‘ದೊಡ್ಡ’ ಎಂಬ ಮಾತಿಗೆ ಎತ್ತರವೂ ಸೇರುವುದರಿಂದ ಎದೊ ಕಾಲವನ್ನು (1603ರಿಂದ 1868ರವರೆಗಿನ ಜಪಾನ್) ಬಿಟ್ಟು ಈ ಚರ್ಚೆ ಪೂರ್ಣವಾಗುವುದಿಲ್ಲ.

ಟೋಕಿಯೊದ ಫುಕಾಗಾವಾ ಪ್ರದೇಶದಲ್ಲಿ ತೊಮಿಯೊಕಾ ಹಚಿಮಾನ್ ಎಂಬ ದೇವಾಲಯವಿದೆ. ಎದೊ ಕಾಲದಲ್ಲಿ ನಿಧಿ ಸಂಗ್ರಹಕ್ಕಾಗಿ ಇದರ ಆವರಣದಲ್ಲಿ ಸುಮೊ ನಡೆಯುತ್ತಿತ್ತು. ಯೊಕೊಜುನಾಗಳ ಹೆಸರು ಕೆತ್ತಿದ ದೊಡ್ಡ ಶಿಲೆಯನ್ನು ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ದೈತ್ಯ ಮಲ್ಲರ ಎತ್ತರವನ್ನು ತೋರಿಸಲು ನೆಟ್ಟ ಕಲ್ಲುಗಳು. ಮಗನ ಮನೆಗೆಂದು ಜಪಾನಿಗೆ ಹೋಗಿದ್ದಾಗ ಆ ಕಲ್ಲಿನ ಪಕ್ಕ ನಿಂತು, ಕೈಯನ್ನು ನೆತ್ತಿಯ ಮೇಲೆ ನೇರವಾಗಿ ಎತ್ತಿ ನೋಡಿದೆ; ನನ್ನ ಬೆರಳ ತುದಿಗಳಷ್ಟೇ ಕಲ್ಲಿನ ತಲೆಯನ್ನು ಮುಟ್ಟಿದವು ಎಂದರೆ ಆ ಎತ್ತರ ತಮಗೆ ಅರ್ಥವಾದೀತು.

ಶಾಕಾಗಾತಾಕೆ ಕುಮೊಎಮೊನ್ 1749ರಿಂದ 1775ರವರೆಗೆ ಬದುಕಿದ್ದ ಒಜೆಕಿ. ಎತ್ತರ ಸುಮಾರು 226 ಸೆಂಟಿಮೀಟರ್. ಇಕೆಜುಕಿ ಗೇತಾಜಾಎಮೊನ್ ಅವನಿಗಿಂತಲೂ ಕೂದಲೆಳೆಯಷ್ಟು ಎತ್ತರದವನೆಂದು ದಾಖಲೆ. ಇವನು 1850ರಲ್ಲಿ, ಇಪ್ಪತ್ತರ ಹರೆಯದಲ್ಲಿಯೇ ತೀರಿಕೊಂಡ. ಓಜೊರಾ ಬುಜಾಎಮೊನ್ ಎಂಬಾತ 1827ರಲ್ಲಿ ಎದೊ ನಗರಕ್ಕೆ, ಅಂದರೆ ಇಂದಿನ ಟೋಕಿಯೊಗೆ, ಬಂದಾಗ ಊರೇ ನೆರೆದಿತ್ತು. ಚಿತ್ರಕಾರ ವತಾನಬೆ ಕಜಾನ್ ಅವನ ಆಳೆತ್ತರದ ಚಿತ್ರವನ್ನು ಬರೆದ. ಆದರೆ ಓಜೊರಾ ಕಣ ಪ್ರವೇಶದ ವಿಧಿಯನ್ನು ಮಾಡಿ ಜನರಿಗೆ ಮೈ ತೋರಿಸುತ್ತಿದ್ದನೇ ಹೊರತು ಸೆಣಸುತ್ತಿರಲಿಲ್ಲ.

ಆ ಕಾಲದಲ್ಲಿ ‘ಕಾನ್‌ಬಾನ್ ಒಜೆಕಿ’ ಎಂಬ ಮಾತೇ ಇತ್ತು. ಕಾನ್‌ಬಾನ್ ಎಂದರೆ ಅಂಗಡಿಯ ಮುಂದಿನ ಫಲಕ. ಪ್ರೇಕ್ಷಕರನ್ನು ಸೆಳೆಯಲೆಂದು ದೈತ್ಯಾಕಾರದ ಯುವಕನೊಬ್ಬನನ್ನು ಹಳ್ಳಿಯಿಂದ ಹುಡುಕಿ ತಂದು, ಕುಸ್ತಿ ಬಂದರೂ ಬಾರದಿದ್ದರೂ ಪಟ್ಟಿಯ ತುದಿಯಲ್ಲಿ ಹೆಸರು ಬರೆದುಬಿಡುತ್ತಿದ್ದರು. ಇಂಥವರ ಅಳತೆಯನ್ನು ಹೇಳುವಾಗ ಆಯೋಜಕರು ಒಂದೆರಡು ಬೆರಳು ಹೆಚ್ಚಿಸಿರುವ ಸಂಭವವನ್ನು ತಳ್ಳಿಹಾಕುವಂತಿಲ್ಲ; ಜಾತ್ರೆಯ ಟೆಂಟಿನ ಮುಂದೆ ಕೂಗುವವನ ಮಾತನ್ನು ಯಾರು ಅಳತೆಕೋಲು ಹಿಡಿದು ಪರೀಕ್ಷಿಸುತ್ತಾರೆ?

ದೇಹವೂ ವಿದ್ಯೆಯೂ ಒಟ್ಟಿಗೆ ಇದ್ದವನು ರೈಡೆನ್ ತಮೇಮೊನ್. 1767ರಲ್ಲಿ ಶಿನಾನೊ ಪ್ರಾಂತ್ಯದಲ್ಲಿ ಹುಟ್ಟಿದ ಈತನ ಎತ್ತರ 197 ಸೆಂಟಿಮೀಟರ್, ತೂಕ 169 ಕಿಲೊ. ಇಂದಿನ ಮೇಲಿನ ವಿಭಾಗದಲ್ಲಿ ಇದು ಸಾಧಾರಣ ತೂಕವೇ; ಆದರೆ ಅಂದಿನ ಜಪಾನಿನಲ್ಲಿ, ಅನ್ನ ಮೀನು ತಿಂದು ಐದಡಿಯ ಆಸುಪಾಸಿನಲ್ಲಿದ್ದ ಜನರ ನಡುವೆ, ಅವನು ಬೇರೊಂದು ಜೀವಿಯಂತೆ ಕಂಡಿರಬೇಕು. ಇಪ್ಪತ್ತೊಂದು ವರ್ಷಗಳಲ್ಲಿ 254 ಗೆಲುವು, ಕೇವಲ 10 ಸೋಲು.

ಹಳೇ ಗರಡಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರೇ, ಫಲಕದ ಒಜೆಕಿಯ ಸಂಗತಿ ಓದಿ ನಗು ಬಂತು. ನಮ್ಮ ಕಡೆಯೂ ಕುಸ್ತಿಯ ಕರಪತ್ರದಲ್ಲಿ ಚಿತ್ರ ದೊಡ್ಡದಾಗಿ ಹಾಕಿಸಿಕೊಂಡವನು ಮಣ್ಣಿಗಿಳಿದ ಮೇಲೆ ಎರಡು ನಿಮಿಷ ನಿಲ್ಲದ್ದನ್ನು ನೋಡಿದ್ದೇನೆ. ಆದರೆ ನನ್ನ ಎರಡನೆಯ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಕೊನಿಶಿಕಿಗೆ ಗೆಲುವು ತಂದ ತೂಕವೇ ಒರೊರಾನಿಗೆ ಏಕೆ ತರಲಿಲ್ಲ? ತೂಕ ಎಲ್ಲಿಯವರೆಗೆ ಬಲ, ಎಲ್ಲಿಂದ ಆಚೆಗೆ ಭಾರ?

ಉತ್ತರ 4: ಟೋಕಿಯೊ ವಾಸಿ

ಹಳೇ ಗರಡಿ ಅವರಿಗೆ ನಮಸ್ಕಾರ. ನಾನು ಕೆಲಸದ ನಿಮಿತ್ತ ಹನ್ನೆರಡು ವರ್ಷಗಳಿಂದ ಇಲ್ಲಿದ್ದೇನೆ. ನಾನು ಸೆಣಸಿದವನಲ್ಲ, ನೋಡಿದವನು ಮಾತ್ರ. ಅಷ್ಟರ ಮಟ್ಟಿಗೆ ನನ್ನ ಮಾತನ್ನು ತೆಗೆದುಕೊಳ್ಳಿ.

ಸುಮೊದವರು ದೇಹಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ದುಂಡಗೆ, ಹೊಟ್ಟೆ ಮುಂದಕ್ಕೆ ಬಂದಿರುವವನು ‘ಅಂಕೊ’. ಅದು ಕಡಲ ತಳದ ಒಂದು ದಪ್ಪ ಮೀನಿನ ಹೆಸರು. ತೆಳ್ಳಗೆ, ಎಲುಬು ನರ ಕಾಣುವಂತಿರುವವನು ‘ಸೊಪ್ಪು’. ಅದು ಸೂಪ್ ಎಂಬ ಪದದಿಂದ ಬಂದದ್ದು, ಸೂಪಿಗೆ ಹಾಕುವ ಕೋಳಿಯ ಮೂಳೆಯ ನೆನಪಿನಲ್ಲಿ. ಕನ್ನಡದ ಕಿವಿಗೆ ಎರಡನೆಯದು ತಿನ್ನುವ ಸೊಪ್ಪಿನಂತೆ ಕೇಳಿಸಿ, ಮೊದಲ ಸಲ ನಾನು ಪೂರಾ ತಪ್ಪಾಗಿ ಅರ್ಥಮಾಡಿಕೊಂಡಿದ್ದೆ.

ಅಂಕೊ ದೇಹಕ್ಕೆ ಲಾಭ ಎಲ್ಲಿ ಎಂದರೆ ತಾಚಿಅಯಿಯಲ್ಲಿ, ಇಬ್ಬರೂ ನೆಲದಿಂದ ಮುಷ್ಟಿ ಎತ್ತಿ ಒಬ್ಬರ ಮೇಲೊಬ್ಬರು ನುಗ್ಗುವ ಆ ಮೊದಲ ಕ್ಷಣದಲ್ಲಿ. ಕಣದ ವ್ಯಾಸ 4.55 ಮೀಟರ್ ಮಾತ್ರ. ನಡುವಿನಿಂದ ಎರಡು ಹೆಜ್ಜೆ ಹಿಂದೆ ಸರಿದರೆ ಹಿಮ್ಮಡಿಗೆ ಕಣದ ಅಂಚಿನ ಹುಲ್ಲಿನ ಹಗ್ಗ ತಾಗುತ್ತದೆ. ಇಷ್ಟು ಕಿರಿದಾದ ಜಾಗದಲ್ಲಿ ಭಾರದವನ ಮೊದಲ ಡಿಕ್ಕಿಗೇ ಹಗುರದವನು ಹೊರಗೆ ಹೋಗಿ ಸೋಲಬಹುದು; 1984ರಲ್ಲಿ ಕೊನಿಶಿಕಿ ಎದೆಗೆ ಅಂಗೈ ಕೊಟ್ಟು ದೂಡುತ್ತ ಮಾಡಿದ್ದು ಇದನ್ನೇ. ಆಗ ಅವನ ತೂಕ ಕೊನೆಗಾಲದಷ್ಟಿರಲಿಲ್ಲ, ಮೊಣಕಾಲುಗಳು ಗಟ್ಟಿಯಾಗಿದ್ದವು, ಆ ಗಾತ್ರದಲ್ಲಿಯೂ ಅವನ ಹೆಜ್ಜೆ ಚುರುಕಾಗಿತ್ತು. ಅವನ ಪ್ರಶಸ್ತಿಗಳೆಲ್ಲ 1992ರೊಳಗೆ ಮುಗಿದವು. ಅತಿ ಹೆಚ್ಚು ತೂಗಿದ್ದು 1997ರ ನವೆಂಬರಿನಲ್ಲಿ ನಿವೃತ್ತನಾಗುವ ಮುಂಚಿನ ವರ್ಷಗಳಲ್ಲಿ. ಈ ಎರಡು ಕಾಲಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ತಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸಿಗುತ್ತದೆ.

ಡಿಕ್ಕಿಯ ನಂತರವೂ ಎದುರಾಳಿ ನಿಂತಿದ್ದರೆ ಲೆಕ್ಕ ತಿರುಗುತ್ತದೆ. ಪಕ್ಕಕ್ಕೆ ತಿರುಗಬೇಕು, ಸೊಂಟ ತಗ್ಗಿಸಬೇಕು, ಎಡವಿದರೆ ಮರಳಿ ಕಾಲೂರಬೇಕು. ಅಂಗಾಲು ಬಿಟ್ಟು ಮೈಯ ಯಾವ ಭಾಗ ಮಣ್ಣು ಮುಟ್ಟಿದರೂ ಸೋಲು. ಮೈನೊಉಮಿಯಂಥವನು ಬದುಕಿದ್ದೇ ಈ ಬಿರುಕಿನಲ್ಲಿ. ನೂರು ಕಿಲೊಗೂ ಸ್ವಲ್ಪ ಕಡಿಮೆಯಿದ್ದ ಆತ, ಪ್ರವೇಶಕ್ಕೆ ಬೇಕಿದ್ದ ಎತ್ತರ ಸಾಲದೆ ನೆತ್ತಿಯ ಚರ್ಮದೊಳಗೆ ಸಿಲಿಕೋನ್ ತುಂಬಿಸಿಕೊಂಡು ಒಳಬಂದವನು. ದೊಡ್ಡವನ ಹೊಟ್ಟೆಯ ಕೆಳಗೆ ನುಸುಳಿ, ಕಟ್ಟನ್ನು ಹಿಡಿದು ಕಾಲಿಗೆ ಕೈಹಾಕುವುದು ಅವನ ವರಸೆ. ಆದರೆ ಅದಕ್ಕೂ ಬೆಲೆ ತೆರಬೇಕಾಯಿತು: 1996ರ ಜುಲೈಯಲ್ಲಿ ಕೊನಿಶಿಕಿ ಮೈಮೇಲೆ ಬಿದ್ದು ಅವನ ಎಡ ಮೊಣಕಾಲು ಕೆಟ್ಟಿತು. ಕೊನಿಶಿಕಿಯ ಮೊಣಕಾಲೂ 1986ರ ಮೇ ತಿಂಗಳಲ್ಲಿ ಕಿತಾಒ ಎಂಬ ಮಲ್ಲನ ವಿರುದ್ಧದ ಪಂದ್ಯದಲ್ಲಿಯೇ ಪೆಟ್ಟು ತಿಂದಿತ್ತು. ಕಣವು ಪ್ರೇಕ್ಷಕರ ನೆಲದಿಂದ ಎತ್ತರದ ಜಗಲಿಯಾದ್ದರಿಂದ ಅಂಚಿನಿಂದ ಬಿದ್ದರೆ ನೇರ ಕೆಳಗೆ. ಇನ್ನೂರು ಕಿಲೊದವನಿಗೆ ಆ ಒಂದು ಮೆಟ್ಟಿಲಿನ ಇಳಿತವೇ ಸಾಕು.

ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿ ಬಿಡಿಸಬೇಕು. ಇವರು ಕೇವಲ ಕೊಬ್ಬಿನ ಮುದ್ದೆಗಳಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತಾಲೀಮು, ಮಧ್ಯಾಹ್ನ ಚಾಂಕೊ ಎಂಬ ಕೋಳಿ, ಮೀನು, ತರಕಾರಿಗಳ ಕೂಟನ್ನು ರಾಶಿ ಅನ್ನದೊಂದಿಗೆ ಉಂಡು ನಿದ್ದೆ. ಹೀಗೆ ಬೆಳೆಸಿದ ಮೈಯಲ್ಲಿ ಕೊಬ್ಬನ್ನು ಕಳೆದು ಉಳಿಯುವ ಭಾಗವೇ ಕೆಲವರಲ್ಲಿ ನೂರು ಕಿಲೊ ಮೀರುತ್ತದೆ. ಚಾಂಕೊಗೆ ಕೋಳಿಯೇ ಶುಭವಂತೆ, ಎರಡೇ ಕಾಲಲ್ಲಿ ನಿಲ್ಲುವ ಪ್ರಾಣಿಯಾದ್ದರಿಂದ. ನಾಲ್ಕು ಕಾಲಿನದು ಕೈ ನೆಲಕ್ಕೂರಿದಂತೆ, ಅಂದರೆ ಸೋತಂತೆ. ಆದರೆ ತಾಲೀಮು ನಿಂತ ಮೇಲೆ ಅದೇ ದೇಹ ಮಾಲೀಕನ ಮೇಲೆ ತಿರುಗಿಬೀಳುತ್ತದೆ. ಮುಸಾಶಿಮಾರು ಮೂತ್ರಪಿಂಡ ಕೆಟ್ಟು 2017ರಲ್ಲಿ ಹೆಂಡತಿಯ ಮೂತ್ರಪಿಂಡವನ್ನು ಪಡೆಯಬೇಕಾಯಿತು. ಕೊನಿಶಿಕಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತೂಕ ಇಳಿಸಿದ. ಅಕೆಬೊನೊ 2024ರಲ್ಲಿ 54ನೆಯ ವಯಸ್ಸಿಗೇ ತೀರಿಕೊಂಡ.

ಇನ್ನು ಒರೊರಾ ವಿಷಯ. 2017ರ ಸೆಪ್ಟೆಂಬರಿನಲ್ಲಿ, ಅವನ ದಾಖಲೆಯ ಸುದ್ದಿ ಓದಿ, ಅವನನ್ನು ನೋಡಲೇಬೇಕೆಂದು ನಾನು ರ್ಯೊಗೊಕು ಕ್ರೀಡಾಂಗಣದ ಮೇಲಂತಸ್ತಿಗೆ ಟಿಕೆಟ್ ಕೊಂಡೆ. ಎಲ್ಲರಂತೆ ಮೂರು ಗಂಟೆಗೆ ಹೋದೆ. ಸಭಾಂಗಣ ಆಗತಾನೆ ತುಂಬುತ್ತಿತ್ತು. ಸಂಜೆ ಇಚಿನೊಜೊ ಕಣ ಹತ್ತಿ ಉಪ್ಪು ಎರಚಿ ಎದುರಾಳಿಗೆ ಡಿಕ್ಕಿ ಕೊಟ್ಟಾಗ ಕೇಳಿದ ಸದ್ದು, ಅಷ್ಟು ಮೇಲೆ ಕುಳಿತಿದ್ದರೂ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬೀಸಿ ಒಗೆದಂತಿತ್ತು. ಕೊನೆಗೆ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು, ಒರೊರಾ ಇಂದು ಬರುವುದಿಲ್ಲವೇ ಎಂದು ಕೇಳಿದೆ. ಅವರು ತೊಡೆಯ ಮೇಲಿದ್ದ ಬಾಂಜುಕೆಯನ್ನು ಬಿಡಿಸಿ, ದಪ್ಪ ಅಕ್ಷರಗಳ ಮೇಲಿನ ಸಾಲನ್ನು ದಾಟಿ, ಕೂದಲೆಳೆಯಷ್ಟು ತೆಳುವಾಗಿ ಬರೆದ ಕೆಳಗಿನ ಸಾಲುಗಳ ಮೇಲೆ ಬೆರಳು ಸರಿಸುತ್ತ ಹೋಗಿ ಆ ಹೆಸರನ್ನು ತೋರಿಸಿದರು. ಕೆಳಗಿನ ವಿಭಾಗದವರ ಪಂದ್ಯಗಳು ಬೆಳಿಗ್ಗೆಯೇ ಮುಗಿಯುತ್ತವೆ, ನೀವು ಎಂಟೂವರೆಗೆಲ್ಲ ಬರಬೇಕಿತ್ತು, ಆಗ ಇಲ್ಲಿ ಯಾರೂ ಇರುವುದಿಲ್ಲ, ಬೇಕಾದ ಕಡೆ ಕೂರಬಹುದು ಎಂದರು. ಮರುವರ್ಷ ಅವನು ನಿವೃತ್ತನಾದ; ನಾನು ಬೆಳಿಗ್ಗೆ ಹೋಗಲೇ ಇಲ್ಲ.